ಮೂರು ವರ್ಷ ತೆಗೆಯದ ಹಗೆ

ಬೈಲಹೊಂಗಲದಲ್ಲಿ ನನ್ನ ತಮ್ಮನ ಮಗ ಮಂಜು ಕಟ್ಟಿಸಿದ ಹೊಸ ಮನೆಯಲ್ಲಿ ಎರಡು ಅಡಿಗೆಮನೆಗಳಿವೆ. ಮುಂದಿನದು ಬಂದವರಿಗೆ ತೋರಿಸುವುದಕ್ಕೆ. ಅಲ್ಲಿಯ ಒಲೆಯನ್ನು ವಾಸ್ತುಶಾಂತಿಯ ದಿನ ಹಾಲು ಉಕ್ಕಿಸಲು ಹಚ್ಚಿದ್ದೇ ಹಚ್ಚಿದ್ದು, ಮತ್ತೆ ಹಚ್ಚಿಲ್ಲ. ಕರಿಕಲ್ಲಿನ ಕಟ್ಟೆ ಮುಖ ಕಾಣುವಷ್ಟು ಹೊಳೆಯುತ್ತದೆ. ಹಿಂದಿನದು ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಇಕ್ಕಟ್ಟು ಕೋಣೆ. ಅಲ್ಲಿ ಅವನ ಹೆಂಡತಿ ಬೆವರು ಒರೆಸಿಕೊಳ್ಳುತ್ತ ರೊಟ್ಟಿ ಬಡಿಯುತ್ತಾಳೆ. ನನ್ನ ವಯಸ್ಸಿನವರು ಮದುವೆಗಳಲ್ಲಿ ಎಲೆಅಡಿಕೆ ಜಗಿಯುತ್ತ, ಕಾಲ ಕೆಟ್ಟಿತು, ಮೊದಲಿನ ಹಾಗೆ ಏನೂ ಉಳಿದಿಲ್ಲ ಎಂದು ನಿಟ್ಟುಸಿರು ಬಿಡುವಾಗ ಈ ಎರಡು ಅಡಿಗೆಮನೆ ನೆನಪಾಗಿ ನನಗೆ ನಗು ಬರುತ್ತದೆ. ತೋರಿಸುವ ವಸ್ತು ಬದಲಾಗಿದೆ, ಅಷ್ಟೇ. ತೋರಿಸುವವರೂ ಅವರೇ, ಹಿಂದಿನ ಕೋಣೆಯಲ್ಲಿ ಬೇಯುವವರೂ ಅವರೇ.

ಈಚೆಗೆ ಮಂಜು ಧಾರವಾಡ ರಸ್ತೆಯ ಬದಿಗೆ ಒಂದು ಖಾನಾವಳಿ ಹಾಕಿದ್ದಾನೆ. ಗೋಡೆಗೆ ಸೆಗಣಿ ಬಣ್ಣದ ಪೇಂಟು, ಬಾಗಿಲ ಬದಿಗೆ ಮುರಿದ ಬಂಡಿಯ ಗಾಲಿ. ಅಂಗಳದ ನಡುವೆ ಸಿಮೆಂಟಿನ ಉಂಗುರವೊಂದನ್ನು ಕಟ್ಟಿಸಿ, ಮೇಲೆ ಕಲ್ಲಿನ ಮುಚ್ಚಳ ಇಟ್ಟು, ‘ನಮ್ಮ ಹಿರಿಯರ ಹಗೆ’ ಎಂದು ಬೋರ್ಡು ಬರೆಸಿದ್ದಾನೆ. ಅದರ ಅಡಿಯಲ್ಲಿ ಹಗೆಯ ಗುಂಡಿಯೂ ಇಲ್ಲ, ತುಂಬಿಟ್ಟ ಜೋಳವೂ ಇಲ್ಲ. ಊಟಕ್ಕೆ ಬಂದವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಒಂದು ದಿನ ನನ್ನನ್ನೂ ಅಲ್ಲಿ ಕುರ್ಚಿ ಹಾಕಿ ಕೂಡಿಸಿ ಮುಖಕ್ಕೆ ಫೋನು ಹಿಡಿದ.

“ಅತ್ತಿ, ಈ ಹಗೇವಿನ ಬಗ್ಗೆ ಎರಡ ಮಾತ ಹೇಳ್ರಿ. ಆಗಿನ ಮಂದಿ ಎಷ್ಟ ಶ್ಯಾಣ್ಯಾರಿದ್ರು, ಮನ್ಯಾಗ ಎಲ್ಲಾರೂ ಹೆಂಗ ಕೂಡಿ ಉಣ್ಣತಿದ್ರು ಅಂತ.”

“ನಿನಗ ಎಲ್ಲಾ ಗೊತ್ತೈತೆಲ್ಲಪಾ, ನೀನ ಹೇಳ.”

“ನಾವೇನ ನೋಡೇವಿ? ನೀವು ಕಣ್ಲೆ ಕಂಡಾವ್ರು.”

“ಕಂಡೇನಿ. ಅದಕ್ಕ ಹೇಳೂದಿಲ್ಲ.”

ಅವನು ಮುಖ ಸಣ್ಣದು ಮಾಡಿಕೊಂಡು ಫೋನು ಜೇಬಿಗೆ ಹಾಕಿದ. ನನಗೂ ಆಮೇಲೆ ಪಿಚ್ಚೆನಿಸಿತು. ಆದರೆ ಸಿಮೆಂಟಿನ ಉಂಗುರದ ಪಕ್ಕ ಕುಳಿತು ಹಲ್ಲು ಕಿಸಿಯುವುದು ನನ್ನಿಂದ ಆಗಲಿಲ್ಲ. ಇಡೀ ನೌಕರಿ ಮಕ್ಕಳಿಗೆ ಪಾಠ ಹೇಳುತ್ತ, ಸುಳ್ಳು ಹೇಳಬಾರದು ಎಂದು ಕರಿಹಲಗೆಯ ಮೇಲೆ ದುಂಡಗೆ ಬರೆದವಳು ನಾನು. ಆ ಅಕ್ಷರ ಬರೆಯುವಾಗಲೆಲ್ಲ ನನಗೆ ನನ್ನ ಬಗ್ಗೆ ಏನನ್ನಿಸುತ್ತಿತ್ತು ಎಂಬುದನ್ನು ಹೇಳಬೇಕಾದರೆ ನಮ್ಮ ಮನೆಯ ಹಗೆಯಿಂದಲೇ ಶುರು ಮಾಡಬೇಕು.

ನಾನು ಬೆಳೆದ ಮನೆ ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ರಸ್ತೆ ಬಿಟ್ಟು ಒಳಗೆ, ಎರೆಹೊಲಗಳ ನಡುವಿನ ಒಂದು ಹಳ್ಳಿಯಲ್ಲಿತ್ತು. ಮಣ್ಣಿನ ಮಾಳಿಗೆಯ ಮನೆ. ಒಳಗೆ ಕಾಲಿಟ್ಟರೆ ಮೊದಲು ಎತ್ತು, ಎಮ್ಮೆ. ಬಾಗಿಲ ಗಾಳಿಯೂ ಬೆಳಕೂ ಅವುಗಳ ಪಾಲು. ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದು ಗಂಡಸರದು. ಅದರ ಹಿಂದೆ ಅಡಿಗೆಮನೆ. ಅಲ್ಲಿ ಹೆಂಗಸರು, ಹೊಗೆ, ಮತ್ತು ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಅಂಗೈಯಗಲದ ಬಿಸಿಲು. ಈ ಮನೆಯಲ್ಲಿ ಯಾರಿಗೆ ಎಷ್ಟು ಬೆಲೆ ಎಂದು ತಿಳಿಯಲು ಬಾಗಿಲಿನಿಂದ ಒಳಗೆ ನಡೆದುಹೋದರೆ ಸಾಕಾಗಿತ್ತು. ಇಂಥ ಮನೆಗಳ ಬಗ್ಗೆ ಈಗ ಎಂಥೆಂಥ ಮಾತು ಕೇಳುತ್ತೇನೆ! ಬೇಸಿಗೆಯಲ್ಲಿ ತಂಪಂತೆ, ಚಳಿಯಲ್ಲಿ ಬೆಚ್ಚಗಂತೆ. ಹೌದು, ಪಡಸಾಲೆಯಲ್ಲಿ ಮಲಗುವವರಿಗೆ ತಂಪಾಗಿಯೇ ಇತ್ತು. ಒಲೆಯ ಮುಂದೆ ಕುಳಿತವರನ್ನು ಯಾರೂ ಕೇಳಿಲ್ಲ.

ಮನೆಯ ಎಲ್ಲರಿಗಿಂತ ಹೆಚ್ಚಿನ ಮರ್ಯಾದೆ ಇದ್ದದ್ದು ಹೊರಗಿನ ಅಂಗಳದಲ್ಲಿದ್ದ ಹಗೆಗೆ. ಹಗೆ ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಒಬ್ಬ ಆಳು ಇಳಿಯುವಷ್ಟು ಸಣ್ಣದು, ಹೊಟ್ಟೆ ಒಂದು ಕೋಣೆಯಷ್ಟು ದೊಡ್ಡದು. ಒಳಗೆ ಸುತ್ತಲೂ ಒಣ ಕಣಿಕೆ, ಎಂದರೆ ಜೋಳದ ದಂಟು, ಜೋಡಿಸಿ, ಜೋಳ ಸುರಿದು, ಮೇಲೆ ಹೊಟ್ಟು ತುಂಬಿ, ಚಪ್ಪಡಿ ಮುಚ್ಚಿ, ಅದರ ಮೇಲೆ ಮಣ್ಣು ಮೆತ್ತಿ ಸೆಗಣಿ ಸಾರಿಸಿದರೆ ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಹಿಂದಿನವರು ಇದನ್ನು ಕಂಡುಕೊಂಡದ್ದು ಬರಗಾಲಕ್ಕೆಂದು. ನಮ್ಮ ಮುತ್ಯಾ, ಎಂದರೆ ಅಪ್ಪನ ಅಪ್ಪ, ಇದನ್ನು ತುಂಬಿಸಿದ್ದು ಊರ ಕಣ್ಣಿಗೆಂದು. ಯಾರ ಮನೆಯ ಹಗೆ ಹೆಚ್ಚು ವರ್ಷ ತೆಗೆಯದೆ ಉಳಿಯುತ್ತದೆಯೋ ಅವರು ದೊಡ್ಡವರು. ನಮ್ಮದು ತೆಗೆಯದೆ ಮೂರು ವರ್ಷವಾಗಿತ್ತು. ಮುತ್ಯಾ ಬಂದವರನ್ನು ಅಂಗಳದಲ್ಲೇ ನಿಲ್ಲಿಸಿಕೊಂಡು, ಅದರ ಮೇಲೆ ಕೋಲು ಕುಟ್ಟಿ, ಮೂರು ಬೆರಳು ತೋರಿಸುತ್ತಿದ್ದ. ಆ ಮೂರು ಬೆರಳಿಗಾಗಿ ಒಳಗೆ ಹೆಂಗಸರು ಏನು ಉಣ್ಣುತ್ತಿದ್ದರು ಎಂಬುದು ಅಂಗಳದಲ್ಲಿ ನಿಂತವರಿಗೆ ಕಾಣುತ್ತಿರಲಿಲ್ಲ. ಮನೆಯೊಳಗಿನ ಕಣಜದ ಜೋಳ ಬೇಸಿಗೆ ಮುಗಿಯುವ ಮೊದಲೇ ತಳ ಕಾಣುತ್ತಿತ್ತು. ಆಗ ಅವ್ವ ಗಂಡಸರಿಗೆ ರೊಟ್ಟಿ ಬಡಿದು, ತಾನು ನುಚ್ಚು ಕುದಿಸಿ, ಅದಕ್ಕೂ ನೀರು ಹೆಚ್ಚು ಮಾಡಿ ಕುಡಿಯುತ್ತಿದ್ದಳು. ಅಂಗಳದಲ್ಲಿ ಜೋಳದ ಕೋಣೆಯನ್ನು ಹೂಳಿಟ್ಟುಕೊಂಡು ಅಂಬಲಿ ಕುಡಿಯುವ ಮನೆತನ ನಮ್ಮದು.

ನಾನು ಮಾತ್ರ ಅಂಬಲಿ ಕುಡಿಯುತ್ತಿರಲಿಲ್ಲ. ನಾನು ಮುತ್ಯಾನ ಮೊಮ್ಮಗಳು. ಅವನು ಉಣ್ಣಲು ಕುಳಿತರೆ ಅವನ ಗಂಗಾಳದ ಪಕ್ಕ ನನಗೊಂದು ಮಣೆ. ಬಿಸಿ ರೊಟ್ಟಿ ಮುರಿದು, ನಡುವೆ ಬೆಣ್ಣೆ ಒತ್ತಿ, ಮೊದಲ ತುತ್ತು ನನ್ನ ಬಾಯಿಗೆ ಇಡುತ್ತಿದ್ದ. ತಮ್ಮ ಆಗ ಇನ್ನೂ ತೊಟ್ಟಿಲಲ್ಲಿದ್ದ. ಅವನು ಇಳಿದು ನಡೆಯುವ ತನಕ ಮಣೆ ನನ್ನದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅವ್ವ ಅಡಿಗೆಮನೆಯಿಂದ ರೊಟ್ಟಿ ತಂದು ಹಾಕಿ ಹಿಂದೆ ಸರಿಯುವಾಗ ನಾನು ಅವಳ ಮುಖ ನೋಡುತ್ತಿರಲಿಲ್ಲ.

ಆ ವರ್ಷಗಳಲ್ಲಿಯೇ ನಮ್ಮ ಹೊಲಗಳಿಗೆ ಮಲಪ್ರಭೆಯ ಕಾಲುವೆ ನೀರು ಬಂತು. ಮಳೆಗೆ ಮುಗಿಲು ನೋಡಿಕೊಂಡಿದ್ದ ಊರು ಒಮ್ಮೆಗೇ ಹುಚ್ಚಾಯಿತು. ನೀರು ಎಷ್ಟು ಹಾಯಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಒಬ್ಬನಿಗೂ ಗೊತ್ತಿರಲಿಲ್ಲ. ಬಿಟ್ಟಿ ಬಂದದ್ದನ್ನು ಬಿಡಬಾರದೆಂದು ಹಗಲೂ ರಾತ್ರಿ ಹರಿಯಲು ಬಿಟ್ಟರು. ಎರೆಮಣ್ಣು ನೀರು ಕುಡಿದು ಕುಡಿದು ಉಬ್ಬಿತು. ಊರ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬಂತು. ಮನೆಗಳ ಗೋಡೆಯ ಬುಡ ಒದ್ದೆಯಾಗಿ, ಬೆಳ್ಳಗೆ ಉಪ್ಪು ಮೂಡಿತು. ತಿಳಿವಳಿಕೆ ಇದ್ದ ಎರಡು ಮನೆಯವರು ಸುಮ್ಮನೆ ತಮ್ಮ ಹಗೆ ತೆಗೆದು ಜೋಳವನ್ನು ಚೀಲಕ್ಕೆ ತುಂಬಿ ಅಟ್ಟಕ್ಕೇರಿಸಿದರು. ಮುತ್ಯಾ ಅವರನ್ನು ನೋಡಿ ನಕ್ಕ. ಹೊಟ್ಟೆಗಿಲ್ಲದೆ ತೆಗೆದರು ಎಂದು ಊರಲ್ಲಿ ಹೇಳಿಕೊಂಡು ಬಂದ.

ಪ್ರತಿ ಸೋಮವಾರ ಹಗೆಯ ಬಾಯಿಯನ್ನು ಸಾರಿಸುವುದು ಅವ್ವನ ಕೆಲಸ, ನೀರು ಹಿಡಿದು ನಿಲ್ಲುವುದು ನನ್ನದು. ಒಂದು ಸೋಮವಾರ ಅವ್ವ ಸಾರಿಸುವುದನ್ನು ಬಿಟ್ಟು ಅಂಗೈಯನ್ನು ಮಣ್ಣಿನ ಮೇಲೆ ಊರಿ ಬಹಳ ಹೊತ್ತು ಕುಳಿತಳು. ಹೋದ ವಾರ ಸಾರಿಸಿದ ಮಣ್ಣು ಇನ್ನೂ ಆರಿರಲಿಲ್ಲ. ಆಮೇಲೆ ಬಗ್ಗಿ ಮೂಸಿದಳು.

“ನೀಲಾ, ಇಲ್ಲಿ ಬಾ. ಮೂಗ ಹಚ್ಚಿ ನೋಡ.”

“ಹುಳಿ ವಾಸನಿ ಬರಾಕತ್ತೈತೆವ್ವಾ. ಇಲಿ ಸತ್ತಂಗ.”

“ಖರೇ ಹೇಳ. ನಾ ಅಂದೆ ಅಂತ ಹೇಳಬ್ಯಾಡ.”

“ಖರೇನ. ಕೈಗೂ ಬಿಸಿ ಹತ್ತತೈತಿ.”

ಅವ್ವನ ಮುಖದಲ್ಲಿ ಭಯ ಕಂಡಿತು. ಭಯ ಜೋಳದ್ದು ಮಾತ್ರ ಅಲ್ಲ ಎಂದು ಈಗ ತಿಳಿಯುತ್ತದೆ. ಕೆಟ್ಟದ್ದನ್ನು ಮೊದಲು ಕಂಡವರೇ ಕೆಡಿಸಿದವರು ಎನ್ನುವ ಮನೆಯಲ್ಲಿ ಅದನ್ನು ಹೇಳುವುದು ಹೇಗೆ ಎಂಬ ಭಯ. ಆದರೂ ಅವಳು ಅಂದೇ ಅಪ್ಪನಿಗೆ ಹೇಳಿದಳು. ಈಗ ತೆಗೆದರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ, ಬಿಸಿಲಿಗೆ ಹರವೋಣ ಎಂದಳು. ಅಪ್ಪ ಎತ್ತಿನ ಜೊತೆ ಗಟ್ಟಿಯಾಗಿ ಮಾತಾಡುತ್ತಿದ್ದ, ಹೆಂಡತಿಯ ಜೊತೆ ಮೆಲ್ಲಗೆ, ತನ್ನ ಅಪ್ಪನ ಜೊತೆ ಮಾತೇ ಆಡುತ್ತಿರಲಿಲ್ಲ. ಮೂರು ದಿನ ತಲೆ ಕೆರೆದುಕೊಂಡು ಕೊನೆಗೆ ಬಾಯಿ ತೆರೆದ. ಅದೂ ಎಂಥ ಹೊತ್ತಿನಲ್ಲಿ! ಸಣ್ಣ ಕಾಕಾನಿಗೆ ದೊಡವಾಡದಲ್ಲಿ ಹೆಣ್ಣು ನೋಡಿದ್ದರು, ಹೆಣ್ಣಿನವರು ಮನೆ ನೋಡಲು ಬರುವವರಿದ್ದರು. ಅದರ ಮಾತಿಗೆಂದು ಮೂವರು ಹಿರಿಯರು ಪಡಸಾಲೆಯಲ್ಲಿ ಮುತ್ಯಾನ ಜೊತೆ ಉಣ್ಣುತ್ತ ಕುಳಿತಿದ್ದರು. ನಾನು ನನ್ನ ಮಣೆಯ ಮೇಲಿದ್ದೆ.

“ಏನಂತಾಳ ನಿನ್ನ ಹೇಣ್ತಿ?” ಮುತ್ಯಾ ಕೇಳಿದ.

“ಹಗೇವ ಒಮ್ಮೆ ತಗದ ನೋಡೂಣು ಅಂತಾಳ್ರಿ. ಒಳಗ ನೀರ ಹೊಕ್ಕೈತೇನೋ ಅಂತ.”

“ದೊಡವಾಡದವ್ರು ಬರೂ ಮುಂದ ಹಗೇವ ತಗೀಬೇಕು? ಈ ಮನ್ಯಾಗ ಉಣ್ಣಾಕ ಇಲ್ಲಂತ ಊರಾಗ ಡಂಗುರಾ ಹೊಡಸ್ಲಿ?”

ಅಡಿಗೆಮನೆಯ ಬಾಗಿಲ ಮರೆಯಿಂದ ಅವ್ವ ಮಾತಾಡಿದಳು. ಪಡಸಾಲೆಯಲ್ಲಿ ಗಂಡಸರಿರುವಾಗ ಅವಳು ಮಾತಾಡಿದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ.

“ಮಣ್ಣ ಆರವಲ್ದ್ರಿ ಮಾವಾರ. ಕೈ ಇಟ್ರ ಬಿಸಿ ಹತ್ತತೈತಿ, ವಾಸನಿ ಬರಾಕತ್ತೈತಿ. ನನ್ನ ಮಾತ ಬ್ಯಾಡ್ರಿ, ನೀಲಾನ್ನ ಕೇಳ್ರಿ. ಅಕಿನೂ ನೋಡ್ಯಾಳ.”

ಎಲ್ಲರೂ ನನ್ನ ಕಡೆ ತಿರುಗಿದರು. ಮುತ್ಯಾ ರೊಟ್ಟಿ ಮುರಿದು ಬೆಣ್ಣೆ ಒತ್ತುತ್ತ ಕೇಳಿದ:

“ಹೇಳವಾ ನನ್ನ ಬಂಗಾರ. ಏನ ವಾಸನಿ ಬಂತ ನಿನಗ?”

“ಏನೂ ಇಲ್ಲ ಮುತ್ಯಾ. ಹಗೇವಿನ ವಾಸನಿ.”

ಹಗೆಯ ಜೋಳಕ್ಕೆ ಸ್ವಲ್ಪ ಮುಗ್ಗು ವಾಸನೆ ಇದ್ದೇ ಇರುತ್ತಿತ್ತು. ಗಂಡಸರು ಅದನ್ನೂ ಹೆಮ್ಮೆ ಮಾಡಿಕೊಂಡಿದ್ದರು. ರೊಟ್ಟಿಗೆ ಆ ವಾಸನೆ ಇದ್ದರೆ ಇದು ಹಳೆಯ ಜೋಳದ ಮನೆ ಎಂದು ತಲೆದೂಗಿ ಉಣ್ಣುತ್ತಿದ್ದರು. ಹಾಗಾಗಿ ನನ್ನ ಮಾತು ಅವರಿಗೆ ಬಹಳ ಹಿಡಿಸಿತು. ಮನೆತನದ ಕೂಸು ಎಂದರು. ಮುತ್ಯಾ ನನ್ನ ಬಾಯಿಗೆ ತುತ್ತಿಟ್ಟ. ಮಕ್ಕಳಿಗೆ ಏನೂ ತಿಳಿಯುವುದಿಲ್ಲ ಎನ್ನುವವರನ್ನು ಕಂಡರೆ ನನಗೆ ತಾತ್ಸಾರ. ನನಗೆ ಎಲ್ಲ ತಿಳಿದಿತ್ತು. ಯಾರೂ ನನ್ನನ್ನು ಹೆದರಿಸಿರಲಿಲ್ಲ, ಹೊಡೆಯುವವರೂ ಇರಲಿಲ್ಲ. ಮುತ್ಯಾನ ಪಕ್ಕದ ಮಣೆ ಬಿಟ್ಟು ಅವ್ವ ನಿಂತ ಬಾಗಿಲ ಮರೆಗೆ ಹೋಗಿ ನಿಲ್ಲುವುದು ನನಗೆ ಬೇಕಿರಲಿಲ್ಲ, ಅಷ್ಟೇ.

ದೊಡವಾಡದವರು ಬಂದ ದಿನ ಮುತ್ಯಾ ಹಗೆಯ ಬಾಯಿಗೆ ಅರಿಷಿಣ ಕುಂಕುಮ ಹಚ್ಚಿಸಿ ಸುತ್ತಲೂ ಒಂದು ಕಟ್ಟು ಊದಬತ್ತಿ ಸಿಗಿಸಿದ. ಪೂಜೆ ಅಂತೆ. ವಾಸನೆಯೇ ಇಲ್ಲದ ಹಗೆಗೆ ಅಷ್ಟು ಊದಬತ್ತಿ ಯಾಕೆ ಎಂದು ನಾನು ಅವತ್ತೇ ಯೋಚಿಸಿದ್ದೆ. ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಬೀಗರ ಮುಂದೆ ಕೋಲು ಕುಟ್ಟಿ ಮೂರು ಬೆರಳು ತೋರಿಸಿದ. ಅವರು ಕಣ್ಣರಳಿಸಿದರು. ಆ ಹೊಗೆಯಲ್ಲಿ ಕೆಮ್ಮುತ್ತ ಮದುವೆ ಗಟ್ಟಿ ಮಾಡಿ ಹೋದರು.

ಮದುವೆಯ ಅಡಿಗೆಗೆಂದು ಎರಡು ತಿಂಗಳ ಮೇಲೆ ಹಗೆ ತೆಗೆಯಲೇಬೇಕಾಯಿತು. ಮುಚ್ಚಿದ ಹಗೆಗೆ ತಕ್ಷಣ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿ ಮನುಷ್ಯನನ್ನು ತೆಗೆದುಬಿಡುತ್ತದೆ. ಚಪ್ಪಡಿ ಸರಿಸಿ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟರು. ದೀಪ ಕಣ್ಣು ಮುಚ್ಚಿತು. ಒಂದು ದಿನ ತೆರೆದಿಟ್ಟು ಮತ್ತೆ ಬಿಟ್ಟರು; ಮತ್ತೆ ಆರಿತು. ಅಷ್ಟರಲ್ಲಿ ವಾಸನೆ ಓಣಿಯ ತುದಿ ಮುಟ್ಟಿತ್ತು, ಜನ ಮೂಗಿಗೆ ಸೆರಗು, ಟವೆಲು ಹಿಡಿದು ನೋಡಲು ಬಂದಿದ್ದರು. ಮೂರನೆಯ ದಿನ ಆಳು ಇಳಿದು ಮೇಲೆ ಕಳಿಸಿದ ಮೊದಲ ಬುಟ್ಟಿಯಲ್ಲಿ ಕಪ್ಪು ಹೆಂಟೆಗಳಿದ್ದವು. ಜೋಳ ಮೊಳೆತು, ಕೊಳೆತು, ಒಂದಕ್ಕೊಂದು ಅಂಟಿ ಗಟ್ಟಿಯಾಗಿತ್ತು. ತಳದ ಜೋಳ ಕೆಸರಾಗಿತ್ತು. ನಟ್ಟನಡುವೆ ಮಾತ್ರ ಎಂಟು ಹತ್ತು ಚೀಲದಷ್ಟು ಕಂದು ಬಣ್ಣದ ಮುಗ್ಗಿದ ಕಾಳು ಕಾಳಿನ ರೂಪದಲ್ಲಿ ಉಳಿದಿತ್ತು. ಮುತ್ಯಾ ಅಂಗಳದಲ್ಲಿ ಅದೇ ಮೂವರು ಹಿರಿಯರನ್ನು ಕೂಡಿಸಿಕೊಂಡು ಅವ್ವನನ್ನು ಕರೆದ.

“ಇದನ್ನ ಸಾರಸಾವ್ರು ಯಾರು?”

“ನಾನ್ರಿ.”

“ಎಷ್ಟ ನೀರ ಸುರೀತಿದ್ದಿ? ಸಾರಸಂದ್ರ ಹೊಳಿ ಹರಸೂದೇನು?”

ಒಂದು ಫರ್ಲಾಂಗು ಆಚೆ ಕಾಲುವೆ ತುಂಬಿ ಹರಿಯುತ್ತಿತ್ತು. ಎಲ್ಲರ ಗೋಡೆಗಳೂ ಒದ್ದೆಯಾಗಿದ್ದವು. ಆದರೂ ಒಬ್ಬ ಹೆಂಗಸು ವಾರಕ್ಕೊಮ್ಮೆ ಅಂಗೈಯಲ್ಲಿ ಚಿಮುಕಿಸಿದ ನೀರಿಗೆ ಕೋಣೆಯಷ್ಟು ಜೋಳ ಕೊಳೆಯಿತು ಎಂಬುದನ್ನು ಆ ಮೂವರು ಹಿರಿಯರು ಗಂಭೀರವಾಗಿ ತಲೆಯಾಡಿಸಿ ಒಪ್ಪಿದರು. ಹಿರಿಯರ ಅನುಭವ ಎಂದು ಈಗ ಯಾರಾದರೂ ಭಾಷಣ ಮಾಡಿದರೆ ನನಗೆ ಆ ಮೂರು ತಲೆಗಳು ಕಾಣುತ್ತವೆ. ಅಪ್ಪ ಬಗ್ಗಿ ಎತ್ತಿನ ಗೊರಸು ನೋಡುತ್ತಿದ್ದ. ಮುತ್ಯಾ ನನ್ನ ಕಡೆ ತಿರುಗಿ, ನೀ ಅಕಿ ಜೋಡಿ ಇರತಿದ್ದಿ, ನೀರ ಬಾಳ ಹಾಕತಿದ್ಲಲ್ಲ ಎಂದ. ನಾನು ತಲೆ ತಗ್ಗಿಸಿದೆ. ನಮ್ಮ ಮನೆಯಲ್ಲಿ ತಲೆ ತಗ್ಗಿಸಿದರೆ ಹೌದು ಎಂದೇ ಲೆಕ್ಕ. ಅವ್ವ ಒಳಗೆ ಹೋದಳು.

ಉಳಿದ ಮುಗ್ಗು ಜೋಳವನ್ನು ಮಾಳಿಗೆಯ ಮೇಲೆ ಹರವಿ ಒಣಗಿಸಿದರು. ಅಪ್ಪ ಒಂದು ಬುಟ್ಟಿ ತಂದು ಎತ್ತಿನ ಮುಂದೆ ಇಟ್ಟ. ಅವು ಮೂಸಿ ಮುಖ ತಿರುಗಿಸಿದವು. ಮುತ್ಯಾ ಪಡಸಾಲೆಯಿಂದಲೇ ಕೂಗಿದ:

“ಎತ್ತಿಗೆ ಹಾಕಬ್ಯಾಡ್ರಿ, ಹೊಟ್ಟಿ ಕೆಟ್ಟು ಬಿದ್ದಾವು. ಅಡಿಗಿ ಮನಿಗೆ ಕೊಡ್ರಿ.”

ಮದುವೆಗೆ ಜೋಳ ಬಂದದ್ದು ದೊಡವಾಡದಿಂದ, ಹೆಣ್ಣಿನವರ ಚಕ್ಕಡಿಯಲ್ಲಿ. ಮೂರು ಬೆರಳು ತೋರಿಸಿದವನೇ ಅಂಗಳದಲ್ಲಿ ನಿಂತು ಚೀಲ ಇಳಿಸಿಕೊಂಡ. ಆಮೇಲೆ ನಮ್ಮ ಅಡಿಗೆಮನೆಯಲ್ಲಿ ಎರಡು ಹಿಟ್ಟಿನ ಡಬ್ಬಿಗಳಾದವು. ಒಂದರಲ್ಲಿ ದೊಡವಾಡದ ಬಿಳಿ ಹಿಟ್ಟು, ಪಡಸಾಲೆಗೆ. ಇನ್ನೊಂದರಲ್ಲಿ ಹಗೆಯ ಹಿಟ್ಟು, ಹೆಂಗಸರಿಗೆ. ಹೊಸದಾಗಿ ಬಂದ ಚಿಗವ್ವ ತನ್ನ ತವರಿನ ಜೋಳದ ರೊಟ್ಟಿಯನ್ನು ಗಂಡಸರಿಗೆ ಬಡಿಸಿ, ಅವ್ವನ ಜೊತೆ ಕುಳಿತು ಕಂದು ರೊಟ್ಟಿ ತಿಂದಳು. ಮೊದಲ ವಾರ ಇಬ್ಬರಿಗೂ ವಾಂತಿಯಾಯಿತು. ಆಮೇಲೆ ಹೊಟ್ಟೆ ಒಗ್ಗಿತು. ಅಷ್ಟೂ ದಿನ ನಾನು ಮುತ್ಯಾನ ಪಕ್ಕ ಬೆಣ್ಣೆ ಹಚ್ಚಿದ ಬಿಳಿ ರೊಟ್ಟಿ ತಿನ್ನುತ್ತಿದ್ದೆ. ಅವ್ವ ನನಗೆ ಒಂದು ದಿನವೂ ಬೈಯಲಿಲ್ಲ. ಎಂದಿನಂತೆ ತಲೆ ಬಾಚಿ ಹೆಣೆಯುತ್ತಿದ್ದಳು, ಸಾಲಿಗೆ ಕಳಿಸುತ್ತಿದ್ದಳು. ಆದರೆ ಹಗೆಯ ಮಾತನ್ನು ನನ್ನ ಮುಂದೆ ಎತ್ತಲಿಲ್ಲ. ಸೋಮವಾರ ಅಂಗಳ ಸಾರಿಸುವಾಗ ನೀರು ಹಿಡಿಯಲು ನನ್ನನ್ನು ಕರೆಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸತೊಡಗಿತು.

ಒಂದು ಶನಿವಾರ ಸಾಲಿ ಬೇಗ ಬಿಟ್ಟಿತ್ತು. ಗಂಡಸರು ಉಂಡು ಹೊಲಕ್ಕೆ ಹೋಗಿದ್ದರು, ಮುತ್ಯಾ ಸವದತ್ತಿಗೆ ಹೋಗಿದ್ದ. ಅಡಿಗೆಮನೆಯಲ್ಲಿ ಅವ್ವ ತಮಗಿಬ್ಬರಿಗೆ ರೊಟ್ಟಿ ಬಡಿಯುತ್ತಿದ್ದಳು, ಚಿಗವ್ವ ಒಲೆಗೆ ಕಟ್ಟಿಗೆ ಸರಿಸುತ್ತಿದ್ದಳು. ಹಂಚಿನಿಂದ ಏಳುತ್ತಿದ್ದ ಹಬೆಗೆ ಹಗೆಯ ಅದೇ ಹುಳಿ ವಾಸನೆ ಇತ್ತು. ನಾನು ಪಾಟಿಚೀಲ ಇಟ್ಟು ಹೋಗಿ ಅವ್ವನ ಬದಿಗೆ ಬರಿನೆಲದ ಮೇಲೆ ಕುಳಿತೆ. ತಪ್ಪಾಯಿತು ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ, ಹಾಗಾಗಿ ಅದನ್ನು ಹೇಳಲು ನನಗೆ ಬರುತ್ತಿರಲಿಲ್ಲ.

“ಅವ್ವಾ, ನನಗೂ ಇದರಾಗಿಂದ ಒಂದ ಕೊಡ.”

ಚಿಗವ್ವ ಗಾಬರಿಯಾದಳು.

“ಬ್ಯಾಡಕ್ಕಾ, ಕೂಸಿಗೆ ಈ ವಾಸನಿ ತಡಿಯಾಕ ಆಗೂದಿಲ್ಲ.”

ಅವ್ವ ಹಂಚಿನ ಮೇಲಿನ ರೊಟ್ಟಿ ತೆಗೆದು ತಟ್ಟೆಗೆ ಹಾಕಿದಳು. ಬದಿಗೆ ಚಟ್ನಿ ಇಟ್ಟಳು. ತಟ್ಟೆಯನ್ನು ನನ್ನ ಮುಂದೆ ಸರಿಸಿದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಅವಳು ನನ್ನ ಕಡೆ ನೋಡಲೂ ಇಲ್ಲ.

“ಅಕಿಗೆ ವಾಸನಿ ಬರೂದಿಲ್ಲಬೇ, ತಿಂತಾಳ.”

ನಾನು ತಿಂದೆ. ತುತ್ತಿಗೊಮ್ಮೆ ನೀರು ಕುಡಿದು ಇಳಿಸಿದೆ. ಅಂಚಿನ ಚೂರನ್ನೂ ಬಿಡದೆ ಮುಗಿಸಿ ತಲೆ ಎತ್ತುವಷ್ಟರಲ್ಲಿ ಅವ್ವ ಕೇಳದೆ ಇನ್ನೊಂದು ಹಾಕಿದಳು.